ಸರಾಸರಿಯ ಕೆಳಗೆ ಯಾರು ಮಲಗ್ತಾರೆ?

ಮುದಗಲ್ ಕೋಟೆಯ ಗಾರೆಯನ್ನು ಕಲ್ಲಿನ ಹಾಗೆ ಗಟ್ಟಿ ಮಾಡಿದ್ದು ಯಾವ ಗಾಳಿಯೋ, ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಕಂಬದೊಳಗಿನ ಕಬ್ಬಿಣವನ್ನು ತುಕ್ಕಿನ ಬಾಯಿಗೆ ಕೊಡುವುದೂ ಅದೇ ಗಾಳಿ. ಅದೇ ಇಂಗಾಲದ ಡೈಆಕ್ಸೈಡ್, ಅದೇ ರಾಸಾಯನಿಕ ಕ್ರಿಯೆ, ಕಣ್ಣಿಗೆ ಕಾಣದ ಅದೇ ರಂಧ್ರಗಳ ಹಾದಿ. ಒಂದು ಕಡೆ ವರ, ಇನ್ನೊಂದು ಕಡೆ ಶಾಪ.

ನಾನು ಹೊಟ್ಟೆಪಾಡಿಗೆ ಮಾಡೋದು ಈ ಕ್ರಿಯೆಯನ್ನು ಕಂಪ್ಯೂಟರಿನೊಳಗೆ ನಡೆಸಿ ನೋಡುವ ಕೆಲಸ. ರಂಧ್ರಗಳಿರುವ ವಸ್ತುವಿನೊಳಗೆ ಅನಿಲ ಹೇಗೆ ನುಸುಳುತ್ತೆ, ನುಸುಳುತ್ತಾ ಏನೇನು ಬದಲಿಸುತ್ತೆ ಅನ್ನೋದರ ಸಿಮ್ಯುಲೇಷನ್. ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ "ಸಾಫ್ಟ್‌ವೇರ್" ಅಂತ ಹೇಳಿ ಊಟದ ಸಾಲಿಗೆ ಹೋಗಿಬಿಡ್ತೀನಿ. ಬ್ಲಾಗಿನ ಓದುಗರಿಗೆ ಹಾಗೆ ತಪ್ಪಿಸಿಕೊಳ್ಳೋ ಹಾಗಿಲ್ಲ. ಯಾಕಂದ್ರೆ ಈ ಕೆಲಸ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಬಿಟ್ಟಿದೆ, ಅದು ನಿಮ್ಮ ಕೆಲಸದಲ್ಲೂ ಇರಬಹುದು ಅಂತ ನನಗೆ ಗುಮಾನಿ. ಪ್ರಶ್ನೆ ಇಷ್ಟೇ: ಲೆಕ್ಕ ಸರಿಯಾಗಿ ಮಾಡಿಕೊಟ್ಟರೆ ನನ್ನ ಕರ್ತವ್ಯ ಮುಗೀತಾ?

ಮೊದಲು ಸುಣ್ಣದ ಕಥೆ.

ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಕಾವಿನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಶುದ್ಧವಾದ 100 ಕೆ.ಜಿ. ಕಲ್ಲಿನಲ್ಲಿ 44 ಕೆ.ಜಿ. ಗಾಳಿಗೆ ಹೋಗಿ, 56 ಕೆ.ಜಿ. ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಬುಸುಗುಟ್ಟುತ್ತಾ ಅರಳುತ್ತದೆ. ಅರಳಿದ ಸುಣ್ಣಕ್ಕೆ ಮರಳು ಕೂಡಿಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದರೆ ಗಾರೆ. ಬೆಲ್ಲದ ನೀರು, ಅಳಲೆಕಾಯಿ ರಸ ಬೆರೆಸುವ ಪದ್ಧತಿಯೂ ನಮ್ಮ ಕಡೆ ಇತ್ತು. ಗಾರೆಯನ್ನು ಗೋಡೆಗೆ ಮೆತ್ತಿದ ಮೇಲೆ ಭಟ್ಟಿಯಲ್ಲಿ ನಡೆದದ್ದು ತಿರುವುಮುರುವಾಗಿ ನಡೆಯುತ್ತೆ. ಬಿಟ್ಟುಹೋಗಿದ್ದ ಅನಿಲ ಹೊರಗಿನ ಗಾಳಿಯಿಂದ ಮರಳಿ ಬಂದು, ರಂಧ್ರಗಳ ತೇವದಲ್ಲಿ ಕರಗಿ, ಸುಣ್ಣದೊಂದಿಗೆ ಕೂಡಿ, ಮತ್ತೆ ಸುಣ್ಣದ ಕಲ್ಲೇ ಆಗುತ್ತೆ. ಗೌಂಡಿ ಕೆಲಸ ಮುಗಿಸಿ ಮನೆಗೆ ಹೋದ ಮೇಲೂ ಗಾಳಿ ಅವನ ಕೆಲಸ ಮುಂದುವರಿಸುತ್ತಲೇ ಇರುತ್ತದೆ.

ನಾನು ಮುದಗಲ್‌ನವನು. ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ಈ ರಾಯಚೂರು ದೋಆಬಿಗಾಗಿ ಬಹಮನಿಗಳು, ವಿಜಯನಗರದವರು, ಆಮೇಲೆ ವಿಜಯಪುರದ ಆದಿಲ್‌ಶಾಹಿಗಳು ಎಷ್ಟು ಸಲ ಬಡಿದಾಡಿದರು ಅನ್ನೋದು ನಿಮಗೆ ಶಾಲೆಯ ಪುಸ್ತಕದಿಂದ ಗೊತ್ತಿರುತ್ತೆ. ಕೋಟೆ ಕೈ ಬದಲಾಯಿಸುತ್ತಲೇ ಇತ್ತು. ಗಾರೆ ಮಾತ್ರ ಯಾವ ದೊರೆ ಬಂದ, ಯಾವನು ಹೋದ ಅಂತ ನೋಡದೆ ತನ್ನ ಪಾಡಿಗೆ ಗಾಳಿ ಕುಡಿದು ಗಟ್ಟಿಯಾಗುತ್ತಿತ್ತು.

ಇದನ್ನು ನೋಡೋಕೆ ಕೋಟೆಗೇ ಹೋಗಬೇಕಿಲ್ಲ. ಎಲೆ ಅಡಿಕೆ ಹಾಕುವ ಅಜ್ಜಿ ಮನೆಯಲ್ಲಿದ್ದರೆ ಅವರ ಸುಣ್ಣದ ಡಬ್ಬಿ ತೆರೆದು ನೋಡಿ. ನಾಲ್ಕು ದಿನ ಮುಚ್ಚಳ ಸಡಿಲ ಇದ್ದರೆ ಮೇಲೆ ಗರಿ ಕಟ್ಟಿರುತ್ತೆ. ಕೆಳಗಿನ ಸುಣ್ಣ ಇನ್ನೂ ಬೆಣ್ಣೆಯ ಹಾಗೆ ಮೆತ್ತಗೆ. ಮೇಲಿನ ಗರಿ ಕಲ್ಲಾಗಿದೆ, ಕಲ್ಲಾದದ್ದೇ ಕೆಳಗಿನದಕ್ಕೆ ಮುಚ್ಚಳವೂ ಆಗಿದೆ. ಅಜ್ಜಿ ಅದರ ಮೇಲೆ ಎರಡು ಹನಿ ನೀರು ಬಿಡುತ್ತಿದ್ದರು. ಈ ಅನಿಲ ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವ ವೇಗಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಆ ಎರಡು ಹನಿ ನೀರು ಬಾಗಿಲಿಗೆ ಹಾಕಿದ ಬೀಗ.

ಹಾಗಂತ ಪೂರ್ತಿ ಒಣಗಿದ್ದರೂ ಕೆಲಸ ಆಗಲ್ಲ. ಅನಿಲ ಕರಗೋದಕ್ಕೆ ಒಂದಿಷ್ಟು ತೇವ ಬೇಕು. ರಂಧ್ರ ನೀರಿನಿಂದ ತುಂಬಿದ್ದರೆ ಗಾಳಿ ಬರೋದಿಲ್ಲ, ಒಣಗಿದ್ದರೆ ಬಂದ ಗಾಳಿ ಏನೂ ಮಾಡೋದಿಲ್ಲ. ಗಾಳಿಯ ತೇವಾಂಶ ಶೇ. 50ರಿಂದ 70ರ ಆಸುಪಾಸಿನಲ್ಲಿದ್ದಾಗ ಈ ಕ್ರಿಯೆ ಬಿರುಸು.

ಈಗ ಕಾಂಕ್ರೀಟಿಗೆ ಬರೋಣ. ಸಿಮೆಂಟಿನಲ್ಲೂ ಸುಣ್ಣ ಇದೆ. ಗಟ್ಟಿಯಾದ ಕಾಂಕ್ರೀಟಿನ ರಂಧ್ರಗಳಲ್ಲಿರುವ ನೀರು ಕಡು ಕ್ಷಾರ, ಪಿಎಚ್ 12.5ಕ್ಕೂ ಮೇಲೆ. ಆ ಕ್ಷಾರದಲ್ಲಿ ಕಬ್ಬಿಣದ ಕಂಬಿಯ ಮೇಲೆ ಒಂದು ತೆಳುವಾದ ಪೊರೆ ಕಟ್ಟಿಕೊಳ್ಳುತ್ತೆ, ಅದೇ ಕಂಬಿಗೆ ರಕ್ಷೆ. ಇಂಗಾಲದ ಡೈಆಕ್ಸೈಡ್ ಒಳಗೆ ಬಂದು ಸುಣ್ಣವನ್ನು ಕಲ್ಲಾಗಿಸುತ್ತಾ ಹೋದರೆ ಕ್ಷಾರ ಇಳಿಯುತ್ತದೆ. ಪಿಎಚ್ 9ಕ್ಕಿಂತ ಕೆಳಗೆ ಬಂತು ಅಂದರೆ ಪೊರೆ ನಿಲ್ಲೋದಿಲ್ಲ. ಆಮೇಲೆ ತೇವ ಮತ್ತು ಆಮ್ಲಜನಕ ಸಿಕ್ಕರೆ ತುಕ್ಕು. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಒಳಗಿನಿಂದಲೇ ಕಾಂಕ್ರೀಟನ್ನು ಒಡೆದು ಉದುರಿಸುತ್ತೆ.

ಅಂದರೆ ಕೆಡುಕು ಕ್ರಿಯೆಯಲ್ಲಿಲ್ಲ. ಗಾರೆಯೊಳಗೆ ಕಾಪಾಡಬೇಕಾದ ಕಂಬಿ ಇರಲಿಲ್ಲ, ನಮ್ಮ ಕಂಬದೊಳಗೆ ಇದೆ. ನನ್ನ ಸಮೀಕರಣಕ್ಕೆ ಈ ವ್ಯತ್ಯಾಸ ಗೊತ್ತೇ ಇಲ್ಲ. ಅದು ಗಾಳಿ ಎಷ್ಟು ದೂರ ಬಂತು ಅಂತ ಹೇಳುತ್ತೆ. ಬಂದದ್ದು ಒಳ್ಳೆಯದೋ ಕೆಟ್ಟದ್ದೋ ಅಂತ ಹೇಳಬೇಕಾದವನು ನಾನು.

ಸಿಮ್ಯುಲೇಷನ್ ಅಂದರೆ ಏನು ಮಾಡ್ತೀವಿ ಅಂತ ಸ್ವಲ್ಪ ಹೇಳ್ತೀನಿ, ಬೇಜಾರಾಗಬೇಡಿ. ಕಾಂಕ್ರೀಟನ್ನು ಸಣ್ಣ ಸಣ್ಣ ಮನೆಗಳಾಗಿ ಭಾಗ ಮಾಡ್ತೀವಿ. ಮೊದಲ ಮನೆಗೆ ಹೊರಗಿನ ಗಾಳಿ ತಾಗಿದೆ. ಒಂದು ಗಳಿಗೆಯಲ್ಲಿ ಪಕ್ಕದ ಮನೆಗೆ ಎಷ್ಟು ಅನಿಲ ದಾಟಿತು, ಎಷ್ಟು ಕರಗಿತು, ಎಷ್ಟು ಸುಣ್ಣ ಖರ್ಚಾಯಿತು ಅಂತ ಲೆಕ್ಕ. ಆಮೇಲೆ ಮುಂದಿನ ಗಳಿಗೆ. ಇದರಲ್ಲೊಂದು ಸೊಗಸಿದೆ: ಸುಣ್ಣ ಕಲ್ಲಾದಾಗ ಅದರ ಗಾತ್ರ ಶೇ. 12ರಷ್ಟು ಹಿಗ್ಗುತ್ತೆ, ರಂಧ್ರ ಅಷ್ಟು ಕಿರಿದಾಗುತ್ತೆ, ಹಿಂದೆ ಬರುವ ಅನಿಲಕ್ಕೆ ಹಾದಿ ಬಿಗಿಯಾಗುತ್ತೆ. ಹೋದವನು ಹಾದಿಯನ್ನೇ ಬದಲಿಸಿ ಹೋಗಿರ್ತಾನೆ. ಇದರ ಹಿಂದಿನ ನಿಯಮಗಳು ಹಳೆಯವು. ಅನಿಲ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೇಗೆ ಹರಡುತ್ತೆ ಅಂತ 1855ರಲ್ಲಿ ಸೂತ್ರ ಕೊಟ್ಟವನು ಅಡಾಲ್ಫ್ ಫಿಕ್, ವೈದ್ಯ ಓದಿದವನು. ಮರಳಿನೊಳಗೆ ನೀರು ಹರಿಯುವ ನಿಯಮವನ್ನು 1856ರಲ್ಲಿ ಪ್ರಕಟಿಸಿದವನು ಹೆನ್ರಿ ಡಾರ್ಸಿ, ಫ್ರಾನ್ಸಿನ ಡಿಜಾನ್ ಊರಿಗೆ ಕುಡಿಯುವ ನೀರು ತಂದ ಎಂಜಿನಿಯರ್. ಇವತ್ತಿಗೂ ನಮ್ಮ ಕೋಡಿನ ಹೊಟ್ಟೆಯಲ್ಲಿ ಇವರಿಬ್ಬರೂ ಕೂತಿದ್ದಾರೆ.

ಆದರೆ ಒಂದು ಗುಟ್ಟು ಹೇಳ್ತೀನಿ. ರಂಧ್ರಗಳ ಬಗ್ಗೆ ಲೆಕ್ಕ ಹಾಕುವ ಈ ಮಾಡೆಲ್‌ನಲ್ಲಿ ಒಂದೇ ಒಂದು ರಂಧ್ರವೂ ಇಲ್ಲ.

ಒಂದು ಹಿಡಿ ಕಾಂಕ್ರೀಟಿನಲ್ಲಿ ಲೆಕ್ಕವಿಲ್ಲದಷ್ಟು ರಂಧ್ರಗಳು. ಒಂದೊಂದನ್ನೂ ಬರೆಯೋಕೆ ಯಾವ ಕಂಪ್ಯೂಟರಿಗೂ ಆಗೋದಿಲ್ಲ. ಹಾಗಾಗಿ "ಈ ಮನೆಯಲ್ಲಿ ಶೇ. 15 ಖಾಲಿ ಜಾಗ" ಅಂತ ಒಂದು ಸರಾಸರಿ, "ಅನಿಲ ಇಷ್ಟು ವೇಗದಲ್ಲಿ ಹರಡುತ್ತೆ" ಅಂತ ಇನ್ನೊಂದು ಸರಾಸರಿ ಹಾಕ್ತೀವಿ. ಬಿರುಕು, ಜಲ್ಲಿ ಸರಿಯಾಗಿ ಕೂರದೆ ಉಳಿದ ಪೊಳ್ಳು, ಕಂಬಿ ಒಂದು ಕಡೆ ಜಾರಿ ಗೋಡೆಗೆ ಹತ್ತಿರ ಬಂದದ್ದು, ಎಲ್ಲವೂ ಈ ಸರಾಸರಿಯಲ್ಲಿ ಕರಗಿಹೋಗುತ್ತವೆ. ಇದು ಮೋಸ ಅಲ್ಲ, ಸರಾಸರಿ ಇಲ್ಲದೆ ವಿಜ್ಞಾನವೇ ಇಲ್ಲ. ಆದರೆ ತುಕ್ಕು ಸರಾಸರಿ ಜಾಗದಲ್ಲಿ ಶುರುವಾಗೋದಿಲ್ಲ. ಅದು ಎಲ್ಲಿ ಕಾಂಕ್ರೀಟು ಅತಿ ತೆಳುವೋ ಅಲ್ಲಿಂದಲೇ ಶುರು.

ಎಲ್ಲ ಜಟಿಲತೆಯನ್ನೂ ಪಕ್ಕಕ್ಕಿಟ್ಟರೆ ಕೊನೆಗೆ ಉಳಿಯೋದು ಒಂದು ಸರಳ ಲೆಕ್ಕ. ಗಾಳಿ ಒಳಗೆ ಬಂದ ಆಳ ಕಾಲದ ವರ್ಗಮೂಲದ ಜೊತೆ ಬೆಳೆಯುತ್ತೆ. ನಾಲ್ಕು ಪಟ್ಟು ಕಾಲಕ್ಕೆ ಎರಡು ಪಟ್ಟು ಆಳ. ಇದನ್ನೇ ತಿರುಗಿಸಿ ಓದಿ: ಕಂಬಿಯ ಮೇಲಿನ ಕಾಂಕ್ರೀಟಿನ ಹೊದಿಕೆ, ಅಂದರೆ ಕವರ್, ಅರ್ಧ ಆದರೆ ಆಯಸ್ಸು ಅರ್ಧ ಆಗೋದಿಲ್ಲ, ಕಾಲುಭಾಗ ಆಗುತ್ತೆ. ನಮ್ಮ ದೇಶದ ಐಎಸ್ 456 ಸಂಹಿತೆ ಸಾಧಾರಣ ಪರಿಸರಕ್ಕೆ 30 ಮಿ.ಮೀ. ಕವರ್ ಬೇಕು ಅನ್ನುತ್ತೆ. ಗಾಳಿ ಮೊದಲ ವರ್ಷ 4 ಮಿ.ಮೀ. ನುಗ್ಗುವ ಕಾಂಕ್ರೀಟಿನಲ್ಲಿ 30 ಮಿ.ಮೀ. ದಾಟೋಕೆ ಅದಕ್ಕೆ 56 ವರ್ಷ ಬೇಕು. ಅದೇ 15 ಮಿ.ಮೀ. ಆದರೆ 14 ವರ್ಷ. ಸ್ಲ್ಯಾಬ್ ಹಾಕುವಾಗ ಕಂಬಿಯ ಕೆಳಗೆ ಒಂದು ಕವರ್ ಬ್ಲಾಕ್ ಇಡೋದು ಮರೆತರೆ ಆಗುವ ವ್ಯತ್ಯಾಸ ಇದು. ಬೆರಳಿನಷ್ಟೂ ದಪ್ಪ ಇಲ್ಲದ ಜಾಗದಲ್ಲಿ ಒಬ್ಬ ಮನುಷ್ಯನ ದುಡಿಮೆಯ ಆಯಸ್ಸೇ ಅಡಗಿದೆ.

ಈಗ ನನ್ನನ್ನು ನಿದ್ದೆಗೆಡಿಸಿದ ಪ್ರಕರಣ. ಬೆಂಗಳೂರಿನ ಒಂದು ಕಟ್ಟಡ, ಹೆಸರು ಬೇಡ. ಕಟ್ಟಿ 25 ವರ್ಷ. ನೆಲಮಾಳಿಗೆಯಲ್ಲಿ ಕಾರ್ ಪಾರ್ಕಿಂಗ್, ಅಲ್ಲಿ ಕಾರಿನ ಹೊಗೆ ಬೇರೆ. ಇನ್ನೆಷ್ಟು ವರ್ಷ ಬಾಳಿಕೆ ಅಂತ ನಮ್ಮನ್ನು ಕೇಳಿದ್ದರು. 20 ಕಡೆ ಕಾಂಕ್ರೀಟ್ ಕೊರೆದು ಫಿನಾಲ್ಫ್ಥಲೀನ್ ಸಿಂಪಡಿಸಿದೆವು. ಕ್ಷಾರ ಉಳಿದ ಕಡೆ ಕೆನ್ನೇರಳೆ ಬಣ್ಣ ಬರುತ್ತೆ, ಗಾಳಿ ಗೆದ್ದ ಕಡೆ ಬಣ್ಣ ಬರೋದಿಲ್ಲ. ಗಾಳಿ ಬಂದ ಆಳ ಸರಾಸರಿ 25 ಮಿ.ಮೀ. ಕವರ್ ಸರಾಸರಿ 35 ಮಿ.ಮೀ. ಅಂದರೆ ವರ್ಷಗಳ ವರ್ಗಮೂಲಕ್ಕೆ 5 ಮಿ.ಮೀ. ಲೆಕ್ಕದಲ್ಲಿ ಗಾಳಿ ಕಂಬಿ ಮುಟ್ಟೋದು 49ನೇ ವರ್ಷಕ್ಕೆ. ಇನ್ನೂ 24 ವರ್ಷ ಇದೆ.

ಆದರೆ 20ರಲ್ಲಿ 3 ಕಡೆ ಕವರ್ ಇದ್ದದ್ದು 20 ಮಿ.ಮೀ. ಮಾತ್ರ. ಅಲ್ಲಿ ಅದೇ ಲೆಕ್ಕಕ್ಕೆ ಗಾಳಿ ಕಂಬಿ ಮುಟ್ಟೋದು 16ನೇ ವರ್ಷ. ಅಂದರೆ 9 ವರ್ಷದ ಹಿಂದೆಯೇ ಮುಟ್ಟಿಯಾಗಿದೆ. ಮೂರೂ ಒಂದೇ ಮೂಲೆಯಲ್ಲಿದ್ದವು, ಕಾರು ಇಳಿಯುವ ರ‍್ಯಾಂಪಿನ ಕೆಳಗೆ. ಆ ಮೂಲೆಗೆ ಇಟ್ಟಿಗೆಯ ಎರಡು ಗೋಡೆ ಎಬ್ಬಿಸಿ ವಾಚ್‌ಮನ್ ಕುಟುಂಬಕ್ಕೆ ಒಂದು ಕೋಣೆ ಮಾಡಿಕೊಟ್ಟಿದ್ದರು.

ಗಾಳಿ ಕಂಬಿ ಮುಟ್ಟಿದ ದಿನವೇ ಸ್ಲ್ಯಾಬ್ ಬೀಳೋದಿಲ್ಲ, ಸುಮ್ಮನೆ ಹೆದರಿಸೋದು ಬೇಡ. ತುಕ್ಕು ಬೆಳೆಯೋಕೆ ವರ್ಷಗಳು ಬೇಕು, ಮೊದಲು ಬಿರುಕು ಕಾಣುತ್ತೆ, ಚಕ್ಕೆ ಏಳುತ್ತೆ. ಆದರೆ ಆ ಚಕ್ಕೆ ಬೀಳೋದು ಕೆಳಗೆ ಮಲಗಿದವರ ಮೇಲೆ.

ಆ ವಾಚ್‌ಮನ್ ನಮ್ಮ ಕಡೆಯವನೇ. ಮಾತಿನ ಧಾಟಿ ಕೇಳಿ ಅವನೇ ಹಿಡಿದ.

"ಯಾವೂರ್ರಿ ಸರ ನಿಮ್ದು?"

"ಮುದಗಲ್."

"ಅಯ್ಯ, ನಮ್ದು ಮಸ್ಕಿ ಹತ್ರ ಹಳ್ಳಿರಿ. ಮೊಹರಮ್ಮಿಗಿ ಮುದಗಲ್ಲಿಗಿ ತಪ್ಪದಂಗ ಬರ್ತಿದ್ವಿ." ಚಾ ತರಿಸಿದ. ನಾವು ಕೊರೆದ ತೂತನ್ನು ಹಣಿಕಿ ನೋಡಿ ಕೇಳಿದ, "ಇಲ್ಲಿ ಬಣ್ಣಾ ಬಂದಿಲ್ಲಲ್ರಿ. ಯಾಕ?"

ಗಾಳಿ ಒಳಗೆ ಹೋಗಿದೆ, ಕಬ್ಬಿಣಕ್ಕೆ ತುಕ್ಕು ಹಿಡಿಯೋ ಕಾಲ ಬಂದಿದೆ ಅಂತ ಹೇಳಿದೆ.

"ಮಾಲಕರಿಗಿ ಹೇಳ್ತೀರೇನ್ರಿ?"

"ವರದಿ ಕೊಡ್ತೀವಿ."

"ಹಂಗಾದ್ರ ನಮಗ ಯಾರು ಹೇಳ್ತಾರ್ರಿ?"

ಈ ಪ್ರಶ್ನೆಗೆ ನನ್ನ ಬಳಿ ಯಾವ ಸಮೀಕರಣವೂ ಇರಲಿಲ್ಲ. ಒಪ್ಪಂದದ ಪ್ರಕಾರ ವರದಿ ಕೇಳಿದವರ ಸ್ವತ್ತು, ಬೇರೆಯವರಿಗೆ ತೋರಿಸುವಂತಿಲ್ಲ. "ಸದ್ಯಕ್ಕೆ ಮಂಚ ಆ ಮೂಲಿಯಿಂದ ಈಚೆ ಎಳ್ಕೋ. ಮ್ಯಾಲಿಂದ ಪುಡಿ ಉದುರಿದ್ರ, ಬಿರುಕು ಕಂಡ್ರ, ಅವತ್ತ ಹೇಳು" ಅಂದೆ. ನಾನೂ ಅವನೂ ಸೇರಿಯೇ ಮಂಚ ಎಳೆದೆವು. ಅಷ್ಟು ಹೇಳಿದ್ದು ಒಪ್ಪಂದಕ್ಕೆ ವಿರುದ್ಧವೋ ಅಲ್ಲವೋ ವಕೀಲರು ಹೇಳಲಿ. ನನಗೆ ಅದರಲ್ಲಿ ಅನುಮಾನವಿಲ್ಲ.

ಅನುಮಾನ ಶುರುವಾಗಿದ್ದು ವರದಿ ಬರೆಯುವಾಗ. ಕೇಳಿದವರ ಕಡೆಯವರು ಫೋನ್ ಮಾಡಿ ಬಹಳ ಮರ್ಯಾದೆಯಿಂದಲೇ ಹೇಳಿದರು: "ಮೊದಲ ಪುಟದಲ್ಲಿ 24 ವರ್ಷ ಅಂತ ಒಂದೇ ನಂಬರ್ ಇರಲಿ ಸಾರ್. ಉಳಿದ ಟೇಬಲ್ ಎಲ್ಲಾ ಅನುಬಂಧದಲ್ಲಿ ಹಾಕಿ. ಯಾವುದನ್ನೂ ಮುಚ್ಚಿಡಿ ಅಂತ ನಾವು ಹೇಳ್ತಿಲ್ಲ."

ಯೋಚನೆ ಮಾಡಿ. ಇದರಲ್ಲಿ ಸುಳ್ಳೆಲ್ಲಿದೆ? 24 ಅನ್ನೋದು ಸರಿಯಾದ ಸರಾಸರಿ. ಮೂರು ಜಾಗದ ಅಂಕಿ ಅನುಬಂಧದಲ್ಲಿ ಇದ್ದೇ ಇರುತ್ತೆ. ಪ್ರತಿಯೊಂದು ಅಕ್ಷರವೂ ನಿಜ. ಆದರೂ ಮೊದಲ ಪುಟ ಓದಿ ಮುಚ್ಚಿದವನು ನಂಬುವುದು ಸುಳ್ಳನ್ನು. ನಿಜಗಳನ್ನೇ ಜೋಡಿಸಿ ಸುಳ್ಳು ಕಟ್ಟಬಹುದು ಅನ್ನೋದು ನನಗೆ ಅವತ್ತು ಕಣ್ಣಿಗೆ ಕಂಡಿತು. ನಿಜ ಯಾವ ಪುಟದಲ್ಲಿದೆ ಅನ್ನೋದೂ ನಿಜದ ಒಂದು ಭಾಗ.

ಸರಾಸರಿ ಯಾರಿಗೆ ಅನುಕೂಲ, ಯಾರಿಗೆ ಅಪಾಯ ಅಂತಲೂ ನೋಡಿ. ಮೇಲೆ ಫ್ಲ್ಯಾಟ್ ಇರುವವರಿಗೆ 24 ವರ್ಷ ಅನ್ನುವ ಅಂಕಿ ಮಾರುವಾಗ ಬೆಲೆ, ಸಾಲ ಕೇಳುವಾಗ ಭರವಸೆ. ಅವರು ಇಡೀ ಕಟ್ಟಡದ ಪಾಲುದಾರರು, ಸರಾಸರಿ ನಿಜವಾಗಿಯೂ ಅವರದ್ದು. ರ‍್ಯಾಂಪಿನ ಕೆಳಗೆ ಮಲಗುವವನಿಗೆ ಆ ಸರಾಸರಿಯಲ್ಲಿ ಪಾಲೇ ಇಲ್ಲ. ಅವನ ತಲೆಯ ಮೇಲಿರೋದು ಆ 20 ಮಿ.ಮೀ. ಮಾತ್ರ. ಲೆಕ್ಕದಲ್ಲಿ ಕಿಂಚಿತ್ತೂ ತಪ್ಪಿಲ್ಲದೆ ಅನ್ಯಾಯ ನಡೆಯೋದು ಹೀಗೆ: ಲಾಭ ಇಡೀ ಸರಾಸರಿಗೆ, ಅಪಾಯ ಮಾತ್ರ ಒಂದು ಮೂಲೆಗೆ.

ಇದಕ್ಕೆ ಎದುರು ವಾದವೂ ಇದೆ, ಹಗುರವಾದದ್ದಲ್ಲ. ನನ್ನ ಸೀನಿಯರ್ ಒಬ್ಬರು, ನನಗಿಂತ ಇಪ್ಪತ್ತು ವರ್ಷ ಹೆಚ್ಚು ಕಟ್ಟಡ ಕಂಡವರು, ಹೇಳಿದರು: "ಎಲ್ಲ ಅನುಮಾನವನ್ನೂ ಮೊದಲ ಪುಟಕ್ಕೆ ತಂದರೆ ಯಾರೂ ಏನನ್ನೂ ನಿರ್ಧರಿಸೋಕೆ ಆಗಲ್ಲಪ್ಪ. ಸಂಹಿತೆ ಬರೆದವರು ಸುರಕ್ಷತೆಯ ಅಂತರ ಇಟ್ಟೇ ಬರೆದಿರ್ತಾರೆ. ಡಾಕ್ಟರು ಮಾತ್ರೆ ಕೊಡುವಾಗ ಅಡ್ಡಪರಿಣಾಮದ ಪೂರ್ತಿ ಪಟ್ಟಿ ಓದಿ ಹೇಳ್ತಾರಾ? ನೀನು ಎಂಜಿನಿಯರ್, ಪ್ರವಾದಿ ಅಲ್ಲ."

ಈ ಮಾತಿನ ಬಹುಪಾಲು ನಾನು ಒಪ್ಪುತ್ತೇನೆ. ಸಂಹಿತೆ ಅನ್ನೋದು ಒಂದು ತಲೆಮಾರಿನ ಎಂಜಿನಿಯರುಗಳು ಕೂತು ಮಾಡಿದ ನೈತಿಕ ತೀರ್ಮಾನವೇ. ಆ 30 ಮಿ.ಮೀ. ಒಳಗೆ ಅವರ ಎಚ್ಚರ, ಅವರು ಕಂಡ ಅವಘಡಗಳ ನೆನಪು ಎಲ್ಲ ಇದೆ. ಆದರೆ ಸಂಹಿತೆ ನಂಬಿರೋದು ಸೈಟಿನಲ್ಲಿ ಅದನ್ನು ಪಾಲಿಸಿದ್ದಾರೆ ಅನ್ನೋದನ್ನ. ಅಳತೆ ಮಾಡಿ ನೋಡಿದಾಗ ಮೂರು ಕಡೆ ಪಾಲಿಸಿಲ್ಲ ಅಂತ ಗೊತ್ತಾದ ಮೇಲೆ ಸಂಹಿತೆಯ ಹಿಂದೆ ಅವಿತುಕೊಳ್ಳೋದು ಸರಿಯಲ್ಲ. ಗೊತ್ತಿಲ್ಲದಾಗ ಸರಾಸರಿ ಬಳಸೋದು ಒಂದು, ಗೊತ್ತಾದ ಮೇಲೂ ಸರಾಸರಿಯನ್ನೇ ಮುಂದಿಡೋದು ಇನ್ನೊಂದು. ಎರಡರ ನಡುವೆ ಇರೋದು ಗಣಿತದ ಗೆರೆ ಅಲ್ಲ.

ಇನ್ನೊಂದು ಸಂಗತಿ. ನಾನು ಮಾಡೆಲ್‌ಗೆ ಹಾಕುವ ಅಂಕಿಗಳು ಪ್ರಕೃತಿ ಕೊಟ್ಟವು ಅನ್ನೋ ಭ್ರಮೆ ನನಗೂ ಬಹಳ ದಿನ ಇತ್ತು, ಈ ವೃತ್ತಿಯ ಎಲ್ಲರಿಗೂ ಇರುತ್ತೆ. ಅನಿಲ ಹರಡುವ ವೇಗ ಅಂತ ಎಕ್ಸೆಲ್‌ನಲ್ಲಿ ಒಂದು ಅಂಕಿ ಇರುತ್ತಲ್ಲ, ಅದು ಬಂದದ್ದೆಲ್ಲಿಂದ? ಕಾಂಕ್ರೀಟ್ ಹಾಕಿದ ಮೇಲೆ ಎಷ್ಟು ದಿನ ನೀರು ಕುಡಿಸಿದರು ಅನ್ನೋದರಿಂದ. ಕ್ಯೂರಿಂಗ್ ಕನಿಷ್ಠ 7 ದಿನ, ಬಿರುಬಿಸಿಲಿದ್ದರೆ ಅಥವಾ ಹಾರುಬೂದಿ ಬೆರೆಸಿದ ಸಿಮೆಂಟಾದರೆ 10 ದಿನ ಅನ್ನುತ್ತೆ ಸಂಹಿತೆ. ನೀರು ಸರಿಯಾಗಿ ಬಿದ್ದರೆ ರಂಧ್ರಗಳು ಕಿರಿದಾಗಿ ಒಂದಕ್ಕೊಂದು ಸಂಪರ್ಕ ಕಡಿಯುತ್ತವೆ. ನೀರು ಬೀಳದಿದ್ದರೆ ಬಾಗಿಲುಗಳು ತೆರೆದೇ ಉಳಿಯುತ್ತವೆ.

ನಮ್ಮ ರಾಯಚೂರು ಜಿಲ್ಲೆಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಈ ನೀರು ಹೊಡೆಯುವವರು ಯಾರು? ಹೆಚ್ಚಾಗಿ ಹೆಣ್ಣುಮಕ್ಕಳು, ಕೊಡ ಹೊತ್ತು. ಟ್ಯಾಂಕರ್ ಬಾರದ ದಿನ ಕ್ಯೂರಿಂಗ್ ಇಲ್ಲ. ಮುದಗಲ್‌ನಲ್ಲಿ ಕಾಕಾ ಮನೆ ಕಟ್ಟಿಸುವಾಗ ಗೌಂಡಿ ಹೇಳಿದ ಮಾತು ನೆನಪಿದೆ: "ಕುಡ್ಯಾಕ ನೀರ ಸಾಲವಲ್ಲವ್ರಿ, ಗ್ವಾಡಿಗಿ ಎಲ್ಲಿಂದ ಹಾಕೂಣು?" ನನ್ನ ಮಾಡೆಲ್‌ನಲ್ಲಿ ದಶಾಂಶ ಬಿಂದುವಿನ ಆಚೆಗಿರುವ ಆ ಅಂಕಿ ನಿಜವಾಗಿ ಯಾರೋ ಒಬ್ಬಳು ಎಷ್ಟು ಕೊಡ ನೀರು ಹೊತ್ತಳು ಅನ್ನೋದರ ದಾಖಲೆ. ಅದೇ ಜಿಲ್ಲೆಯ ಶಕ್ತಿನಗರದಲ್ಲಿ 1720 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರ ಇದೆ. ಇಂಥ ಸ್ಥಾವರಗಳ ಹಾರುಬೂದಿಯನ್ನು ಸಿಮೆಂಟಿಗೆ ಬೆರೆಸೋದು ಒಳ್ಳೆಯದೇ, ಬೂದಿಯ ಗುಡ್ಡ ಕರಗುತ್ತೆ, ಸುಣ್ಣದ ಕಲ್ಲು ಸುಡೋದು ಕಡಿಮೆಯಾಗುತ್ತೆ. ಆದರೆ ಬೂದಿ ತಾನೂ ಒಂದಿಷ್ಟು ಸುಣ್ಣ ತಿನ್ನುತ್ತೆ, ಗಾಳಿಯನ್ನು ತಡೆಯೋಕೆ ಉಳಿಯುವ ಸುಣ್ಣ ಕಡಿಮೆ. ಇಂಥ ಕಾಂಕ್ರೀಟಿಗೆ ನೀರಿನ ಆರೈಕೆ ಇನ್ನೂ ಹೆಚ್ಚು ಬೇಕು. ನೀರಿಲ್ಲದ ಊರಿಗೆ ಹೆಚ್ಚು ನೀರು ಬೇಡುವ ಕಾಂಕ್ರೀಟ್. ಇದನ್ನು ಯಾವ ಸಮೀಕರಣದಲ್ಲಿ ಬರೆಯೋಣ?

ಹೊರಗಿನ ಗಾಳಿಯೂ ಯಾರೋ ಮಾಡಿದ್ದೇ. ಮುದಗಲ್ ಕೋಟೆಗೆ ಗಾರೆ ಮೆತ್ತಿದ ಕಾಲಕ್ಕೆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 280 ಪಿಪಿಎಂ. ಈಗ 420 ದಾಟಿದೆ, ಒಂದೂವರೆ ಪಟ್ಟು. ಉಳಿದದ್ದೆಲ್ಲ ಒಂದೇ ಇದ್ದರೆ ಅಷ್ಟೇ ಕಾಲಕ್ಕೆ ಆಳ ಶೇ. 22ರಷ್ಟು ಹೆಚ್ಚು. ಈ ಹೆಚ್ಚಳದಲ್ಲಿ ಸಿಮೆಂಟಿನ ಪಾಲೂ ಇದೆ: ನಮ್ಮ ಸೇಡಂ, ಮಳಖೇಡ, ವಾಡಿಯ ಗೂಡುಗಳಿಂದ ಹಿಡಿದು ಜಗತ್ತಿನ ಎಲ್ಲ ಗೂಡುಗಳಲ್ಲೂ ಸುಣ್ಣದ ಕಲ್ಲು ಬೇಯುವಾಗ ಬಿಟ್ಟ ಅನಿಲ. ಅದರಲ್ಲಿ ಒಂದು ಪಾಲನ್ನು ಕಾಂಕ್ರೀಟೇ ನಿಧಾನಕ್ಕೆ ವಾಪಸು ಹೀರಿಕೊಳ್ಳುತ್ತದೆ, ಜಗತ್ತಿನ ಇಂಗಾಲದ ಲೆಕ್ಕದಲ್ಲಿ ಈಗ ಅದನ್ನು ಜಮಾ ಕಡೆ ಬರೆಯುತ್ತಾರೆ. ಅಂದರೆ ನಾನು ರ‍್ಯಾಂಪಿನ ಕೆಳಗೆ ನಷ್ಟ ಅಂತ ಬರೆದ ಅದೇ ಮಿಲಿಮೀಟರು ಇನ್ನೊಂದು ಪುಸ್ತಕದಲ್ಲಿ ಲಾಭ! ಎರಡೂ ಲೆಕ್ಕ ಸರಿ. ಹವಾಮಾನದ ಪುಸ್ತಕ ಬರೆಯುವವರು ಇಡೀ ಭೂಮಿಯ ಸರಾಸರಿ ನೋಡಬೇಕು, ಅವರ ಧರ್ಮ ಅದು. ನನ್ನ ಧರ್ಮ ಆ ಮೂಲೆ ನೋಡೋದು. ಯಾವ ಪುಸ್ತಕದಲ್ಲಿ ಬರೀತಿದ್ದೀನಿ ಅನ್ನೋದು ಮರೆತಾಗಲೇ ಎಡವಟ್ಟು.

ಆ ವರದಿ ಏನಾಯಿತು ಅಂತ ಕೇಳ್ತೀರಿ. ಎರಡು ವಾರ ಹಗ್ಗಜಗ್ಗಾಟ ಆಯಿತು. ಕೊನೆಗೆ ಮೊದಲ ಪುಟದಲ್ಲಿ 24ರ ಕೆಳಗೆ ಎರಡನೇ ಸಾಲು ಬಂತು: ರ‍್ಯಾಂಪಿನ ಕೆಳಗಿನ ಮೂರು ಕಡೆ ತಕ್ಷಣ ದುರಸ್ತಿ ಬೇಕು, ಅಲ್ಲಿಯವರೆಗೆ ಅಲ್ಲಿ ಯಾರೂ ವಾಸ ಮಾಡಬಾರದು. ಎರಡನೇ ಭಾಗ ಸೇರಿಸೋಕೆ ಹೆಚ್ಚು ಒದ್ದಾಡಬೇಕಾಯಿತು, ಯಾಕಂದ್ರೆ ಅಧಿಕೃತ ನಕ್ಷೆಯಲ್ಲಿ ಅಲ್ಲಿ ಕೋಣೆಯೇ ಇಲ್ಲ. ಇಲ್ಲದ ಕೋಣೆಯಲ್ಲಿ ಇರುವ ಮನುಷ್ಯನ ಬಗ್ಗೆ ವರದಿಯಲ್ಲಿ ಹೇಗೆ ಬರೆಯೋದು ಅನ್ನೋದೇ ಅವರ ತಕರಾರು. ಬರೆದೆವು. ದುರಸ್ತಿ ಆಯಿತೋ ಇಲ್ಲವೋ ಕೇಳುವ ಹಕ್ಕು ನಮಗಿಲ್ಲ, ಕೇಳಿದಾಗ ಉತ್ತರವೂ ಬರಲಿಲ್ಲ. ವಾಚ್‌ಮನ್ ಈಗ ಬೇರೆ ಕಟ್ಟಡದಲ್ಲಿದ್ದಾನೆ ಅಂತ ಮಾತ್ರ ಗೊತ್ತು. ಅವನ ಜಾಗಕ್ಕೆ ಬಂದವರಿಗೆ ಮಂಚ ಎಲ್ಲಿ ಹಾಕಬೇಕು ಅಂತ ಯಾರಾದರೂ ಹೇಳಿರ್ತಾರಾ?

ಹಾಗಾಗಿ ನನ್ನ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ: ಇಲ್ಲ, ಲೆಕ್ಕ ಸರಿ ಇದ್ದ ಮಾತ್ರಕ್ಕೆ ಕರ್ತವ್ಯ ಮುಗಿಯೋದಿಲ್ಲ. ಯಾವ ಮಾಡೆಲೂ ಪ್ರಾಮಾಣಿಕವಾಗಿ ಕೊಡೋದು ಒಂದು ಅಂಕಿಯನ್ನಲ್ಲ, ಒಂದು ಹರವನ್ನು. ಇಷ್ಟರಿಂದ ಇಷ್ಟರವರೆಗೆ, ಇಲ್ಲಿ ಹೀಗೆ, ಅಲ್ಲಿ ಹಾಗೆ. ಆ ಹರವನ್ನು ಕತ್ತರಿಸಿ ಒಂದೇ ಅಂಕಿ ಮಾಡುವ ಕೆಲಸ ಕಂಪ್ಯೂಟರಿನದಲ್ಲ, ಮನುಷ್ಯನದು. ಕತ್ತರಿಸಿ ಉಳಿದ ತುಂಡಿನ ಮೇಲೆ ಯಾರು ನಿಂತಿದ್ದಾರೆ ಅಂತ ನೋಡದೆ ಕತ್ತರಿಸುವ ಹಕ್ಕು ನಮಗಿಲ್ಲ. ಅಪಾಯವನ್ನು ಪೂರ್ತಿ ತೆಗೆಯೋಕೆ ನಮ್ಮಿಂದ ಆಗದೇ ಇರಬಹುದು. ಹೊರುವವನಿಗೆ ತಿಳಿಸೋಕಂತೂ ಆಗುತ್ತೆ.

ಇದು ಕಾಂಕ್ರೀಟಿನವರ ಕಷ್ಟ, ನಮಗೇನು ಅಂತ ಅಂದುಕೊಳ್ಳಬೇಡಿ. ನೀವು ಸಾಲ ಕೊಡುವ ಕಂಪನಿಯಲ್ಲಿ ಸ್ಕೋರ್ ಕಟ್ಟುತ್ತಿರಬಹುದು, ಡೆಲಿವರಿ ಹುಡುಗರು ಸರಾಸರಿ ಎಷ್ಟು ನಿಮಿಷಕ್ಕೆ ತಲುಪ್ತಾರೆ ಅಂತ ಡ್ಯಾಶ್‌ಬೋರ್ಡ್ ಮಾಡುತ್ತಿರಬಹುದು. ಸೋಮವಾರದ ಮೀಟಿಂಗಿಗೆ ಎಲ್ಲರಿಗೂ ಬೇಕಾದದ್ದು ಮೊದಲ ಸ್ಲೈಡಿನಲ್ಲಿ ಒಂದೇ ಅಂಕಿ. ಮಳೆಯಲ್ಲಿ ಫ್ಲೈಓವರ್ ಹತ್ತಿದ ಹುಡುಗ ಆ ಅಂಕಿಯೊಳಗೆ ಎಲ್ಲೋ ಇರ್ತಾನೆ, ನನ್ನ ಮಾಡೆಲ್‌ನಲ್ಲಿ ರಂಧ್ರ ಇದ್ದ ಹಾಗೆ. ಅಂದರೆ ಇಲ್ಲದ ಹಾಗೆ.

ನಾನು ಈಗ ಯಾವ ವರದಿ ಮಾಡಿದರೂ ಮೊದಲ ಪುಟದಲ್ಲಿ ಮೂರು ಸಾಲು ಬಿಡೋದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದಿರುವ ಜಾಗ ಯಾವುದು. ಯಾವ ಅಂಕಿಯನ್ನು ನಾವು ಅಳೆದಿಲ್ಲ, ಊಹಿಸಿದ್ದೇವೆ. ಆ ಜಾಗದ ಕೆಳಗೆ ಯಾರಿದ್ದಾರೆ. ಮೂರನೆಯದನ್ನು ಬರೆಯೋಕೆ ಸಾಫ್ಟ್‌ವೇರ್ ಸಹಾಯ ಮಾಡೋದಿಲ್ಲ, ಎದ್ದು ಹೋಗಿ ನೋಡಬೇಕು. ಆ ಮೂರು ಸಾಲನ್ನು ಕನ್ನಡದಲ್ಲೂ ಬರೀತೀನಿ. ವರದಿ ಯಾರ ಸ್ವತ್ತೇ ಆಗಲಿ, ಕೆಳಗೆ ಮಲಗುವವನ ಕೈಗೆ ಎಂದಾದರೂ ಸಿಕ್ಕರೆ ಅವನಿಗೆ ಓದೋಕಾದರೂ ಬರಲಿ.